ಐರ್ಲೆಂಡಿನಲ್ಲಿ ಅತ್ತೆಯ ಮಾತು, ನನ್ನ ಇಂಗ್ಲಿಷು

ಡಬ್ಲಿನ್: ರೊಟ್ಟಿಯ ತಪಾಸಣೆ

ವಿಮಾನ ನಿಲ್ದಾಣದ ತಪಾಸಣೆಯ ಮನುಷ್ಯ ನಮ್ಮ ಚೀಲದಿಂದ ಕಟಕ್ ಸಜ್ಜೆ ರೊಟ್ಟಿಯ ಕಟ್ಟು ಎತ್ತಿ, ಮೇಲಿನದನ್ನು ಬೆರಳಿನಿಂದ ಬಡಿದು ನೋಡಿದ. ಟಣ್ ಎಂದಿತು. ಇನ್ನೊಮ್ಮೆ ಬಡಿದ. ಮತ್ತೆ ಟಣ್.

“ಏನಿದು?” ಎಂದ.

“ಬ್ರೆಡ್ಡು,” ಎಂದೆ.

ಹದಿನೆಂಟು ವರ್ಷದಿಂದ ಕುಷ್ಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪರದೇಶದ ನೆಲದ ಮೇಲೆ ನಾನು ಆಡಿದ ಮೊದಲ ಇಂಗ್ಲಿಷ್ ಮಾತನ್ನು ಆತ ನಂಬಲಿಲ್ಲ. ರೊಟ್ಟಿಯನ್ನು ಬೆಳಕಿಗೆ ಹಿಡಿದ. ಮೂಸಿದ. ಎಳ್ಳನ್ನು ಉಗುರಿನಿಂದ ಕೆದರಿದ.

ಪಕ್ಕದಲ್ಲಿ ನಿಂತಿದ್ದ ನಮ್ಮ ಅತ್ತೆಗೆ ತಡೆಯಲಾಗಲಿಲ್ಲ. “ಏನಂತಾನ ಅಂವಾ?”

“ಇದು ಏನು ಅಂತ ಕೇಳ್ತಾನ್ರಿ.”

“ಅದಕ್ಕ ಅಷ್ಟ್ಯಾಕ ಮಾತು?” ಎಂದವರೇ ರೊಟ್ಟಿಯ ಒಂದು ಚೂರು ಮುರಿದು, ಆತನ ಕಣ್ಣಲ್ಲಿ ಕಣ್ಣಿಟ್ಟು ಕರುಂ ಕರುಂ ಎಂದು ತಿಂದರು. ಇನ್ನೊಂದು ಚೂರು ಮುರಿದು ಆತನ ಮುಂದೆ ಹಿಡಿದರು. ಆತ ಒಂದು ಹೆಜ್ಜೆ ಹಿಂದೆ ಸರಿದು, ನಕ್ಕು, “ಗ್ರ್ಯಾಂಡ್, ಗ್ರ್ಯಾಂಡ್” ಎನ್ನುತ್ತ ಚೀಲ ಮುಚ್ಚಿದ. ಆ ದೇಶದಲ್ಲಿ ಚಹಾ ಗ್ರ್ಯಾಂಡ್, ಜಿಟಿಜಿಟಿ ಮಳೆ ಗ್ರ್ಯಾಂಡ್, ಮಂಡಿನೋವೂ ಗ್ರ್ಯಾಂಡ್ ಎಂಬುದು ನನಗಿನ್ನೂ ಗೊತ್ತಿರಲಿಲ್ಲ. ನಮ್ಮ ರೊಟ್ಟಿಗೇ ಏನೋ ವಿಶೇಷ ಪದವಿ ಸಿಕ್ಕಿತೆಂದು ಹಿಗ್ಗಿದೆ.

ನಾವು ಅಲ್ಲಿಗೆ ಹೋದದ್ದು ಹೇಗೆಂದು ಹೇಳಿಬಿಡುತ್ತೇನೆ. ಅತ್ತೆ ನೀಲಮ್ಮ ಹನುಮಸಾಗರದ ಮಗಳು, ಕುಷ್ಟಗಿಯ ಸೊಸೆ. ವಯಸ್ಸು ಅರವತ್ತೆಂಟು. ಕೌದಿ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಓಣಿಯಲ್ಲಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಕೈಯಿಂದಲೇ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾರೆ. ಹಿಂದಿನ ಚಳಿಗಾಲದಲ್ಲಿ ಅವರು ಗಂಗಾವತಿ ಕಡೆ ಆನೆಗುಂದಿಯಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದಾಗ ಬ್ರೀಡಾ ಎಂಬ ಐರಿಶ್ ಹೆಂಗಸು ಆ ದಾರಿಯಲ್ಲಿ ಬಂದಳು. ಗುಡಿ-ಗೋಪುರ ನೋಡಲು ಬಂದವಳು ಅದನ್ನೆಲ್ಲ ಬಿಟ್ಟು ಎರಡು ತಾಸು ಅತ್ತೆಯ ಸೂಜಿ ನೋಡುತ್ತ ಕೂತಳು. ಅತ್ತೆಯ ಜೊತೆ ಹೋಗಿದ್ದ ನನ್ನ ನಂಬರು ಬರೆದುಕೊಂಡಳು. ಆಮೇಲೆ ಫೋನಿನಲ್ಲಿ ಸಂದೇಶಗಳು ಹೋದವು, ಬಂದವು. ಕೊನೆಗೆ ಆಕೆ, “ನಮ್ಮ ಮನೆಯಲ್ಲೇ ಹತ್ತು ದಿನ ಇರಿ, ನಮ್ಮೂರ ಹೆಂಗಸರಿಗೆ ಈ ಕೈಕೆಲಸ ಕಲಿಸಿ” ಎಂದು ಕರೆದಳು.

ಆಮಂತ್ರಣ ಬಂದದ್ದು ಅತ್ತೆಗೆ. ನಾನು ಅವರ ಸಾಮಾನಿನ ಜೊತೆಗೆ ಬಂದ ನಾಲಿಗೆ, ಅಷ್ಟೆ.

ದಾರಿ: ಬೀಗರ ಸಂಖ್ಯೆ

ಬ್ರೀಡಾಳ ಗಂಡ ಡೊನಾಲ್ ಕಾರು ತಂದಿದ್ದ. ಕುರಿ ಸಾಕುವ ರೈತ, ಆರಡಿ ಎತ್ತರ, ಮಾತು ಮಾತ್ರ ಮೊಳಕ್ಕಿಂತ ಕಡಿಮೆ. ಅವರ ಊರು ಪಶ್ಚಿಮದ ಕಡೆ, ಕ್ಲೇರ್ ಎಂಬ ಸೀಮೆಯಲ್ಲಿ. ದೊಡ್ಡ ರಸ್ತೆ ಮುಗಿದು, ಎರಡೂ ಬದಿ ಕಲ್ಲುಗೋಡೆ ಇರುವ ಸಣ್ಣ ರಸ್ತೆ ಬಂದ ಮೇಲೆ ಒಂದು ವಿಚಿತ್ರ ಕಂಡಿತು. ಎದುರಿಗೆ ಬರುವ ಪ್ರತಿಯೊಂದು ಗಾಡಿಯವನೂ ಸ್ಟೀರಿಂಗಿನ ಮೇಲಿನ ಕೈ ಎತ್ತದೆ ಒಂದೇ ಒಂದು ಬೆರಳು ಎತ್ತುತ್ತಿದ್ದ. ಡೊನಾಲನೂ ಒಂದು ಬೆರಳು ಎತ್ತುತ್ತಿದ್ದ.

ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಇಡತೊಡಗಿದರು. ಹದಿನಾಲ್ಕನೆಯ ಬೆರಳಿಗೆ ನನ್ನನ್ನು ತಿವಿದರು. “ಇವರೆಲ್ಲಾ ಈತಗ ಬೀಗರೇನು?”

ಕೇಳಿದೆ. ಡೊನಾಲ್ ಬಹಳ ಹೊತ್ತು ಯೋಚಿಸಿ, “ಇಲ್ಲ, ಒಬ್ಬರ ಪರಿಚಯವೂ ಇಲ್ಲ” ಎಂದ.

“ಗುರ್ತಿಲ್ದವರಿಗೆ ಕೈ ಮಾಡ್ತಾನ? ಛಲೋ ಮನಶ್ಯಾ ಅದಾನ ಬಿಡು,” ಎಂದರು ಅತ್ತೆ. ಮುಂದಿನ ತಿರುವಿನಿಂದ ಅವರೂ ಕಿಟಕಿಯ ಬಳಿ ಬೆರಳು ಎತ್ತತೊಡಗಿದರು. ನಮ್ಮ ಕಡೆ ಗುರುತಿದ್ದವರು ಸಿಕ್ಕರೆ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಮಕ್ಕಳು ಮರಿ ಎಲ್ಲರ ಕ್ಷೇಮ ಕೇಳಿ, ಹಿಂದಿನ ಟ್ರ್ಯಾಕ್ಟರಿನವನಿಂದ ಬೈಸಿಕೊಂಡೇ ಮುಂದೆ ಹೋಗುತ್ತೇವೆ. ಇವರು ಅಷ್ಟನ್ನೂ ಒಂದು ಬೆರಳಿನಲ್ಲಿ ಮುಗಿಸುತ್ತಾರೆ.

ಮನೆಯ ಹಿತ್ತಲಿನಲ್ಲಿ ಗೋಡೆಗೆ ಒಟ್ಟಿದ್ದ ಕಂದು ಇಟ್ಟಿಗೆಗಳನ್ನು ಕಂಡದ್ದೇ ಅತ್ತೆಯ ಮುಖ ಅರಳಿತು. “ಅಯ್ಯ, ಇವರೂ ಕುಳ್ಳು ಬಡಿತಾರ!” ಓಡಿಹೋಗಿ ಒಂದನ್ನು ಎತ್ತಿ ಮೂಸಿದರು. ಸಗಣಿಯಲ್ಲ, ಜವುಗು ನೆಲದಿಂದ ಕತ್ತರಿಸಿ ಒಣಗಿಸಿದ ಮಣ್ಣು. ಅದನ್ನೇ ಒಲೆಯಲ್ಲಿ ಸುಡುತ್ತಾರೆಂದು ಬ್ರೀಡಾ ವಿವರಿಸಿದಳು. ಅತ್ತೆ ಅದನ್ನು ತೆಗೆದಲ್ಲೇ ಇಟ್ಟು, “ಮಣ್ಣು ಸುಡೂ ದೇಶಕ್ಕ ಕರಕೊಂಡು ಬಂದಿಯಲ್ಲ” ಎಂದರು.

“ಏನಂದರು?” ಎಂದಳು ಬ್ರೀಡಾ.

“ನಿಮ್ಮ ಮನೆ ಬಹಳ ಚೆಂದ ಅಂತೆ,” ಎಂದೆ.

ಅದು ಮೊದಲನೆಯದು.

ಮೊದಲ ಊಟ

ಎರಡನೆಯದು ಊಟದ ಮೇಜಿನ ಮೇಲೆ. ನಾವು ಕಾಯಿಪಲ್ಯ ಮಾತ್ರ ತಿನ್ನುವವರೆಂದು ಮೊದಲೇ ತಿಳಿಸಿದ್ದೆ. ಬ್ರೀಡಾ ಆಲೂಗಡ್ಡೆ ಬೇಯಿಸಿ, ಅರೆದು, ಕೋಸು ಕಲಸಿ, ಮೇಲೆ ಬಾವಿಯಂತೆ ಗುಂಡಿ ಮಾಡಿ ಬೆಣ್ಣೆ ತುಂಬಿದ್ದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಉಪ್ಪಿಲ್ಲ, ಖಾರಿಲ್ಲ. ಜ್ವರ ಬಂದೋರಿಗೆ ಮಾಡೂ ಊಟ ಇದು.”

ಬ್ರೀಡಾ ಆಸೆಯಿಂದ ನನ್ನ ಬಾಯಿ ನೋಡುತ್ತಿದ್ದಳು. “ಇಂಥ ಊಟ ಜನ್ಮದಲ್ಲೇ ಮಾಡಿರಲಿಲ್ಲವಂತೆ,” ಎಂದೆ. ಪೂರ್ತಿ ಸುಳ್ಳೇನಲ್ಲ. ಬ್ರೀಡಾಳ ಮುಖ ಬೆಳಗಿತು. ಅತ್ತೆಯ ತಟ್ಟೆಗೆ ಇನ್ನೂ ಎರಡು ಸೌಟು ಬಿತ್ತು. ಮರುದಿನ ಮಧ್ಯಾಹ್ನ ಅದೇ ಬಂತು. ಸಂಜೆಗೂ ಅದೇ. ಮೂರನೆಯ ದಿನ ಅತ್ತೆ ಗಂಭೀರವಾಗಿ ಕೇಳಿದರು: “ಗಿರಿಜಾ, ಈ ಮನ್ಯಾಗ ಎಲ್ಲಾರಿಗೂ ಜ್ವರ ಅದಾವೇನು?”

ನಮ್ಮನ್ನು ಕಾಪಾಡಿದ್ದು ಊರಿನಿಂದ ಡಬ್ಬಿಯಲ್ಲಿ ತಂದ ಶೇಂಗಾ ಚಟ್ನಿ. ಒಂದು ಸಲ ಡೊನಾಲ್ ಕೂಡ ಕುತೂಹಲಕ್ಕೆ ಒಂದು ಚಮಚ ಸುರಿದುಕೊಂಡ. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ಚಮಚ ಹಾಕಿಕೊಂಡ. ಮೂರು ದಿನದಲ್ಲಿ ಡಬ್ಬಿ ಅರ್ಧವಾಯಿತು. ಅತ್ತೆ ಅದನ್ನು ನಮ್ಮ ಕೋಣೆಯಲ್ಲಿ, ತಮ್ಮ ದಿಂಬಿನ ಪಕ್ಕ ಇಟ್ಟುಕೊಳ್ಳತೊಡಗಿದರು.

ಇನ್ನೊಂದು ಕಷ್ಟ ದೀಪದ್ದು. ಅತ್ತೆ ಊರಿನಲ್ಲಿ ಹೊತ್ತು ಮುಳುಗಿದೊಡನೆ ದೇವರಿಗೆ ದೀಪ ಹಚ್ಚಿಯೇ ಊಟಕ್ಕೆ ಕೂರುವವರು. ಅದು ಜೂನ್ ತಿಂಗಳು. ಏಳಾಯಿತು, ಎಂಟಾಯಿತು, ಸೂರ್ಯ ಗುಡ್ಡದ ಮೇಲೆ ಆರಾಮಾಗಿ ಕೂತೇ ಇದ್ದ. “ಇಂವಗ ಮನಿಗೆ ಹೋಗಬೇಕನ್ನೂದು ಐತೇನಿಲ್ಲ?” ಎಂದು ಬೈದು, ಕೊನೆಗೆ ಫೋನಿನಲ್ಲಿ ಕುಷ್ಟಗಿಯ ಹೊತ್ತು ನೋಡಿಸಿ, ಅಲ್ಲಿನ ಸಂಜೆಗೆ ಇಲ್ಲಿ ದೀಪ ಹಚ್ಚುವುದೆಂದು ತೀರ್ಮಾನಿಸಿದರು. ಹೀಗಾಗಿ ಆ ಮನೆಯಲ್ಲಿ ದಿನಾ ಮಧ್ಯಾಹ್ನದ ಚಹಾಕ್ಕೂ ಮೊದಲೇ ಸಂಜೆಯಾಗುತ್ತಿತ್ತು.

ನೋರಾ ಅಜ್ಜಿಯ ಉಸಿರು

ಮನೆಯಲ್ಲಿ ಇನ್ನೊಬ್ಬರಿದ್ದರು. ಡೊನಾಲನ ತಾಯಿ ನೋರಾ, ಎಂಬತ್ತನ್ನು ಎಂದೋ ದಾಟಿದವರು. ಸೊಸೆಯೊಡನೆ ಮಾತು ಕಡಿಮೆ, ಕಿಟಕಿಯ ಪಕ್ಕದ ಕುರ್ಚಿಯೇ ಅವರ ರಾಜ್ಯ. ಎರಡನೆಯ ದಿನ ಬೆಳಿಗ್ಗೆ ಬ್ರೀಡಾ ಅವರಿಗೆ ಏನೋ ಕೇಳಿದಾಗ ಆ ಅಜ್ಜಿ “ಹ್ಹಾ” ಎಂದು ಉಸಿರನ್ನು ಒಳಗೆ ಎಳೆದುಕೊಂಡರು. ಇನ್ನೊಂದು ಕೇಳಿದಾಗ ಮತ್ತೆ “ಹ್ಹಾ”.

ಅತ್ತೆ ತಟ್ಟೆ ಬಿಟ್ಟು ಎದ್ದರು. “ದಮ್ಮು ಐತಿ ಈ ಯಮ್ಮಗ! ನೋಡ್ಕೋತ ಕುಂತೀರಲ್ಲ!” ಎಂದು ಓಡಿ ನೋರಾರ ಬೆನ್ನು ತಿಕ್ಕತೊಡಗಿದರು. ಸೆರಗಿನ ಗಂಟಿನಿಂದ ಅಜವಾನ ತೆಗೆದು ಅಂಗೈಯಲ್ಲಿ ಹೊಸೆದು ಮೂಗಿಗೆ ಹಿಡಿದರು. ನೋರಾ ಮೂರು ಸಲ ಸೀನಿದರು.

ಬ್ರೀಡಾ ನಗುವಿನಲ್ಲಿ ಮಾತಾಡಲಾರದೆ ಮೇಜು ಹಿಡಿದು ನಿಂತಳು. ಅದು ಉಬ್ಬಸವಲ್ಲ. ಆ ಕಡೆಯ ಹಿರಿಯರು ‘ಹೌದು’ ಎನ್ನುವ ರೀತಿಯೇ ಅದು. ನಾವು ಉಸಿರು ಬಿಡುತ್ತ ಹೂಂ ಅಂದರೆ, ಅವರು ಉಸಿರು ಎಳೆಯುತ್ತ ಅನ್ನುತ್ತಾರೆ.

ಅತ್ತೆಗೆ ನಾಚಿಕೆಯಾಯಿತು. ಆದರೆ ನೋರಾ ಅತ್ತೆಯ ಕೈ ಬಿಡಲಿಲ್ಲ. ಬೆನ್ನಿನ ಇನ್ನೊಂದು ಜಾಗ ತೋರಿಸಿ, ಇಲ್ಲಿ ಎಂದು ಸನ್ನೆ ಮಾಡಿದರು. ಅಂದಿನಿಂದ ಇಬ್ಬರೂ ಆ ಕಿಟಕಿಯ ಬಳಿ ಒಟ್ಟಿಗೆ ಕೂರುತ್ತಿದ್ದರು. ಒಬ್ಬರು ಕನ್ನಡದಲ್ಲಿ ಹೇಳುವರು, ಇನ್ನೊಬ್ಬರು ಇಂಗ್ಲಿಷಿನಲ್ಲಿ ಉತ್ತರಿಸುವರು. ನನ್ನನ್ನು ಕರೆಯುತ್ತಲೂ ಇರಲಿಲ್ಲ.

ನಾನು, ಬ್ರೀಡಾ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಇನ್ನೊಂದು ಸಂಘ ಕಟ್ಟಿಕೊಂಡೆವು. ಆಕೆ ತನ್ನ ಅತ್ತೆಯ ಕಥೆ ಹೇಳಿದಳು, ನಾನು ನನ್ನ ಅತ್ತೆಯದು ಹೇಳಿದೆ. ಹದಿನೆಂಟು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಇಂಗ್ಲಿಷ್ ಮಾತಾಡಿರಲಿಲ್ಲ.

ಊರ ಸಭಾಂಗಣದಲ್ಲಿ

ಮೂರನೆಯ ದಿನ ಮಧ್ಯಾಹ್ನ ಕಲಿಕೆ ಶುರುವಾಯಿತು. ಊರಿನ ಸಭಾಂಗಣದಲ್ಲಿ ಹದಿನೈದು ಹೆಂಗಸರು ಬಂದಿದ್ದರು. ಎಲ್ಲರೂ ಮನೆಯಿಂದ ಹಳೆಯ ಬಟ್ಟೆ ತಂದು ನಡುವೆ ರಾಶಿ ಹಾಕಿದ್ದರು. ಅತ್ತೆ ನೆಲದ ಮೇಲೆ ಕೂತರು. ಅವರೊಂದಿಗೆ ನೆಲಕ್ಕೆ ಕೂರಲು ಹೋದ ಹದಿನೈದರಲ್ಲಿ ಒಂಬತ್ತು ಮಂದಿಗೆ ಮತ್ತೆ ಕುರ್ಚಿ ತರಬೇಕಾಯಿತು.

ಅತ್ತೆ ಬಟ್ಟೆ ಆರಿಸತೊಡಗಿದರು. ದಪ್ಪನೆಯದನ್ನು ಪಕ್ಕಕ್ಕೆ ಎಸೆದರು. ಬ್ರೀಡಾ ತಂದ ಗಂಟಿನಿಂದ ಒಂದು ಅಂಗಿ ಬಂತು. ಕಾಲರ್ ಇಲ್ಲದ, ನೀಲಿ ಪಟ್ಟೆಯ, ತೊಳೆದು ತೊಳೆದು ಮೆತ್ತಗಾದ ಗಂಡಸರ ಅಂಗಿ. ಅತ್ತೆ ಅದರ ಮೊಣಕೈಯನ್ನು ತಿರುಗಿಸಿ ನೋಡಿ ಕೈ ತಡೆದರು. ಅಲ್ಲಿ ಒಂದು ತೇಪೆ ಇತ್ತು. ಅದರ ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ಹೇಂತಿ ಕೈ,” ಎಂದರು. “ದರ್ಜಿ ಹಿಂಗ ಹೊಲಿಯೂದಿಲ್ಲ. ಯಾರ ಅಂಗಿ ಇದು, ಕೇಳು. ಕೇಳಲಾರದ ಹರಿಯೂದಿಲ್ಲ ನಾ.”

ಹದಿನೈದು ಹೆಂಗಸರು ಕತ್ತು ಚಾಚಿ ಕಾಯುತ್ತಿದ್ದರು. ಬ್ರೀಡಾ ಆಚೆ ತುದಿಯಲ್ಲಿ ಚಹಾದ ಕಪ್ಪು ಜೋಡಿಸುತ್ತಿದ್ದಳು. ಅಲ್ಲಿತನಕ ಹೋಗಿ ಕೇಳಿ ಬರುವುದು ಎಷ್ಟೊತ್ತಿನ ಕೆಲಸ? ಆದರೂ ನನಗೆ ಬೇಸರವಾಯಿತು. ಒಂದು ತಾಸಿನಿಂದ ಒಂದೇ ಸಮನೆ ಮಾತು ಹೊರುತ್ತಿದ್ದೆ.

“ಕೇಳೀನ್ರಿ ಅತ್ತಿ. ಬ್ಯಾಡಾದದ್ದಂತ, ಹರೀರಿ.”

ಅತ್ತೆ ಕತ್ತರಿಯಿಂದ ಅಂಚಿಗೊಂದು ಕಚ್ಚು ಹಾಕಿ ಎರಡೂ ಕೈಯಿಂದ ಎಳೆದರು. ಕೌದಿಯ ಬಟ್ಟೆ ಕತ್ತರಿಸುವುದಿಲ್ಲ, ಹರಿಯುವುದು. ಚರ್ರ್ ಎಂಬ ಸದ್ದು ಸಭಾಂಗಣದ ತುಂಬ ಕೇಳಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಬಾಗಿಲ ಕಡೆಯಿಂದ ಒಂದೊಂದಾಗಿ ನಿಂತುಹೋಯಿತು.

ಬಾಗಿಲಲ್ಲಿ ಡೊನಾಲನ ತೋಳು ಹಿಡಿದು ನೋರಾ ನಿಂತಿದ್ದರು. ಗೆಳತಿ ಕಲಿಸುವುದನ್ನು ನೋಡಲು ಬಂದಿದ್ದರು. ನಿಧಾನವಾಗಿ ನಡೆದು ಬಂದು, ಹರಿದ ಅಂಗಿಯ ಅರ್ಧ ಭಾಗವನ್ನು ಎತ್ತಿ ನೋಡಿದರು. ಉಸಿರು ಒಳಗೆಳೆದು “ಹ್ಹಾ” ಎಂದರು. ಬಟ್ಟೆಯನ್ನು ಅಲ್ಲೇ ಇಟ್ಟು, ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದರು.

ಬ್ರೀಡಾಳ ಮುಖ ಸುಣ್ಣದಂತಾಗಿತ್ತು. ಅದು ತೀರಿಹೋದ ಮಾವ ಮಾರ್ಟಿನ್‌ನ ಅಂಗಿ. ಆರು ವರ್ಷದಿಂದ ಕಪಾಟಿನ ತಳದಲ್ಲಿತ್ತು. ಅಜ್ಜಿಗೆ ಹೇಗೂ ಗೊತ್ತಾಗುವುದಿಲ್ಲ ಎಂದು ಬ್ರೀಡಾ ಸದ್ದಿಲ್ಲದೆ ಗಂಟಿಗೆ ಸೇರಿಸಿದ್ದಳು.

ಕಾರಿನಲ್ಲಿ ಮೂವರು

ಬ್ರೀಡಾ ಕಾರು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ. ಅತ್ತೆ ಹಿಂದೆ, ಹರಿದ ಅಂಗಿ ಮಡಿಲಲ್ಲಿ. ಎದುರು ಬಂದವನು ಬೆರಳು ಎತ್ತಿದರೂ ನಮ್ಮಲ್ಲಿ ಯಾರೂ ಎತ್ತಲಿಲ್ಲ.

“ಕೇಳೀನಿ ಅಂದಿ,” ಎಂದರು ಅತ್ತೆ.

“ಕೇಳಿದ್ದಿಲ್ರಿ.”

“ಮತ್ತ ಆಕಿ?”

“ಆಕೀನೂ ಆ ಯಮ್ಮನ್ನ ಕೇಳಿದ್ದಿಲ್ರಿ.”

ಆಮೇಲೆ ಅತ್ತೆ, “ಇಬ್ಬರೂ ಸೊಸ್ತ್ಯಾರು ಒಂದ ಸಾಲ್ಯಾಗ ಕಲ್ತೀರೇನು?” ಎಂದರು.

“ಏನಂದರು?” ಎಂದಳು ಬ್ರೀಡಾ.

‘ಪರವಾಗಿಲ್ಲ ಅಂತೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಅತ್ತೆ ಅಂದದ್ದನ್ನೇ ಹೇಳಿದೆ. ಒಮ್ಮೆ ನಿಜ ಹೇಳಿದ ಮೇಲೆ ಉಳಿದದ್ದೂ ಹೊರಗೆ ಬಂತು. ಜ್ವರದ ಊಟ, ಮಣ್ಣು ಸುಡುವ ದೇಶ, ನಾನು ತಿದ್ದಿ ತೀಡಿ ಒಪ್ಪಿಸಿದ ಎಲ್ಲ ಮಾತು. ಬ್ರೀಡಾ ಕಾರನ್ನು ಒಂದು ಗೇಟಿನ ಮುಂದೆ ನಿಲ್ಲಿಸಿಬಿಟ್ಟಳು. ಅಳುತ್ತಾಳೆಂದುಕೊಂಡೆ. ಆಕೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.

“ಮೂರು ದಿನದಿಂದ ಆ ಆಲೂಗಡ್ಡೆ ಮಾಡಿ ಮಾಡಿ ನನಗೇ ಸಾಕಾಗಿದೆ. ಇದೇನು ಶಿಕ್ಷೆ ಅಂತ ಡೊನಾಲ್ ಕೇಳಿದ. ನೀಲಮ್ಮನಿಗೆ ಅದೇ ಪ್ರಾಣ ಅಂದೆ ನಾನು!”

ಅದನ್ನೂ ಇದ್ದದ್ದು ಇದ್ದಂತೆ ಅತ್ತೆಗೆ ಹೇಳಿದೆ. ಅತ್ತೆ ನಗಲಿಲ್ಲ. “ಆಕೀಗೆ ನಗು ಬರ್ತೈತಿ, ಬರ್ಲಿ. ಆ ಯಮ್ಮನ ಮುಖ ನೀ ನೋಡಿಲ್ಲ,” ಎಂದು ಅಂಗಿಯನ್ನು ಇನ್ನೊಂದು ಮಡಿಕೆ ಮಡಿಸಿದರು. ಬ್ರೀಡಾಳ ನಗುವೂ ಅಲ್ಲಿಗೇ ನಿಂತಿತು.

ನೋರಾ ಆ ಸಂಜೆ ಕೋಣೆಯಿಂದ ಹೊರಗೆ ಬರಲಿಲ್ಲ. ಬ್ರೀಡಾ ಬಾಗಿಲ ಬಳಿ ಇಟ್ಟ ತಟ್ಟೆ ಹಾಗೇ ಇತ್ತು.

ನಾಲ್ಕನೆಯ ದಿನ

ಬೆಳಿಗ್ಗೆ ಚಹಾ ಆದ ಮೇಲೆ ಅತ್ತೆ ಸೂಜಿ, ದಾರ, ಕತ್ತರಿ, ಅಂಗಿ, ಹೊಸದಾಗಿ ಶುರುಮಾಡಿದ್ದ ಕೌದಿ ಎಲ್ಲವನ್ನೂ ಒಂದು ವಸ್ತ್ರದಲ್ಲಿ ಕಟ್ಟಿದರು. “ನಡಿ, ನೀನೂ ಬಾ. ಒಂದ ಮಾತು ಹೇಳ್ತೀನಿ ಕೇಳು. ನಾ ಅಂದದ್ದನ್ನ ಅಂದಂಗ ಹೇಳು. ಬಾಳಿಹಣ್ಣಿನ್ಯಾಗ ಗುಳಿಗಿ ಇಟ್ಟಂಗ ಹೇಳಬ್ಯಾಡ.”

ನೋರಾ ಮಂಚದ ತುದಿಯಲ್ಲಿ ಕೂತಿದ್ದರು. ಅತ್ತೆ ಅವರ ಕಾಲ ಬಳಿ ನೆಲದ ಮೇಲೆ ಕೂತು ಗಂಟು ಬಿಚ್ಚಿದರು.

“ನಿನ್ನ ಗಂಡನ ಅಂಗಿ ನಾ ಹರಿದೀನವ್ವಾ. ನಿನ್ನ ಕೇಳಲಾರದ ಹರಿದೀನಿ. ತಪ್ಪಾತು.”

ಹೇಳಿದೆ. ಆಮೇಲೆ ನನ್ನದೂ ಸೇರಿಸಿದೆ: ಕೇಳು ಎಂದರೂ ನಾನು ಕೇಳಲಿಲ್ಲ, ಕೇಳಿದ್ದೇನೆ ಎಂದು ಸುಳ್ಳು ಹೇಳಿದೆ. ಸೇರಿಸಿದ್ದನ್ನು ಅತ್ತೆಗೂ ತಿಳಿಸಿದೆ. ಅವರು ತಲೆಯಾಡಿಸಿದರು.

ನೋರಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನು ಸುಳ್ಳು ಹೇಳ್ತೀಯ ಅಂತ ಮೊದಲ ದಿನವೇ ಗೊತ್ತಿತ್ತು. ಅವಳು ಮುಖ ಕಿವುಚಿಕೊಂಡು ಎರಡು ಮಾತು ಆಡೋದು, ನಿನ್ನ ಬಾಯಿಂದ ಸಕ್ಕರೆ ಸುರಿಯೋದು.”

ನನ್ನ ಕಿವಿ ಬಿಸಿಯಾಯಿತು. ಅದನ್ನೂ ಅನುವಾದಿಸಬೇಕಾಯಿತು. ಅತ್ತೆಗೆ ಅದು ಬಹಳ ಹಿಡಿಸಿತು. “ಇನ್ನೊಮ್ಮೆ ಹೇಳು,” ಎಂದರು.

ನೋರಾ ಅಂಗಿಯ ತುಂಡನ್ನು ಕೈಗೆ ತೆಗೆದುಕೊಂಡರು. “ಈ ದರಿದ್ರ ಅಂಗಿ,” ಎಂದರು. “ಕುರಿಗೂ ಇದೇ, ಸಂತೆಗೂ ಇದೇ. ನನ್ನ ತಂಗಿಯ ಮದುವೆಗೂ ಕೋಟಿನೊಳಗೆ ಇದನ್ನೇ ಹಾಕಿಕೊಂಡು ಬಂದ. ನಾಲ್ಕು ಸಲ ಒಲೆಗೆ ಹಾಕೋಕೆ ಹೋಗಿದ್ದೆ, ನಾಲ್ಕು ಸಲವೂ ಕಿತ್ತುಕೊಂಡ. ಇದನ್ನ ಹರಿಯಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೆ! ನಿನ್ನೆ ಬಾಗಿಲಿಗೆ ಬರ್ತೀನಿ, ಹೊರಗಿನವಳು ಕೂತು ಹರೀತಿದ್ದಾಳೆ, ಊರೆಲ್ಲ ಚಪ್ಪಾಳೆ ತಟ್ಟುತ್ತಿದೆ. ನನ್ನ ಕೆಲಸ ಅದು. ನನ್ನನ್ನ ಯಾರೂ ಕರೆಯಲಿಲ್ಲ.”

ಒಂದಕ್ಷರ ಬಿಡದೆ ಹೇಳಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಿಯ ಉಳಿದ ಅರ್ಧಕ್ಕೆ ಕತ್ತರಿಯಿಂದ ಕಚ್ಚು ಹಾಕಿ ಎದುರು ಹಿಡಿದರು. “ತಗೋ. ನೀನ ಹರಿ.”

ಇದಕ್ಕೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ನೋರಾ ಎಳೆದರು. ಗಂಟು ಗಂಟಾದ ಬೆರಳುಗಳಲ್ಲಿ ಬಲವಿರಲಿಲ್ಲ. ಅತ್ತೆ ಇನ್ನೊಂದು ಅಂಚನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲಿದರು. ಚರ್ರ್ ಎಂದು ಅಂಗಿ ಮೇಲಿಂದ ಕೆಳಗಿನವರೆಗೆ ಸೀಳಿತು. ನೋರಾರ ಕೆನ್ನೆ ಕೆಂಪಾಯಿತು. “ಇನ್ನೊಂದು,” ಎಂದರು. ಒಂದು ತೋಳು ಹೋಯಿತು, ಬೆನ್ನು ಹೋಯಿತು. ಚಹಾದ ತಟ್ಟೆ ಹಿಡಿದು ಬಂದ ಬ್ರೀಡಾ, ಇಬ್ಬರು ಮುದುಕಿಯರು ಒಂದು ಬಟ್ಟೆಯ ಎರಡು ತುದಿ ಹಿಡಿದು ಎಳೆದಾಡುವುದನ್ನು ಕಂಡು, ಹೊಡೆದಾಟವೇ ಶುರುವಾಯಿತೆಂದು ಬಾಗಿಲಲ್ಲೇ ಕಿರುಚಿದಳು.

“ನೀನೂ ಬಾ,” ಎಂದರು ನೋರಾ. “ಮುಂದಿನ ಸಲ ನನ್ನ ಕಪಾಟಿಗೆ ಕೈ ಹಾಕೋ ಮೊದಲು ಬಾಗಿಲು ತಟ್ಟು.”

ಬ್ರೀಡಾ ಉಸಿರು ಎಳೆದುಕೊಂಡು “ಹ್ಹಾ” ಎಂದಳು. ಆಕೆಯ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಮೊಣಕೈಯ ತೇಪೆ ಇದ್ದ ತೋಳು ಉಳಿಯಿತು. ಅತ್ತೆ ಕತ್ತರಿ ಹಿಡಿದು ನೋರಾರ ಮುಖ ನೋಡಿದರು. ನೋರಾ ಬೇಡ ಎಂದು ತಲೆಯಾಡಿಸಿದರು. ಅತ್ತೆ ತೇಪೆಯ ಸುತ್ತ ಅಗಲವಾಗಿ ಕತ್ತರಿಸಿ, ತುಂಡನ್ನು ಇಡಿಯಾಗಿಯೇ ತೆಗೆದು, ಕೌದಿಯ ನಟ್ಟನಡುವೆ ಇಟ್ಟು, ಸೂಜಿಗೆ ದಾರ ಪೋಣಿಸಿ ನೋರಾರ ಕೈಗೆ ಕೊಟ್ಟರು. ತಾವು ಇನ್ನೊಂದು ಸೂಜಿ ತೆಗೆದುಕೊಂಡರು.

ಇಬ್ಬರೂ ಹೊಲಿಯತೊಡಗಿದರು. ನಾನು ಗೋಡೆಗೆ ಒರಗಿ ಕೂತೆ. ಬಹಳ ಹೊತ್ತಿನ ಮೇಲೆ ನೋರಾ ತಲೆಯೆತ್ತದೆ, “ಅವಳ ಗಂಡನೂ ಇಲ್ಲ ಅಲ್ಲವೇ? ಅವನಿಲ್ಲ ಅಂತ ಅವಳಿಗೆ ಬೇಸರ ಆಗುತ್ತಾ, ಕೇಳು” ಎಂದರು.

ಮಾವ ತೀರಿಕೊಂಡು ಹನ್ನೊಂದು ವರ್ಷ. ಈ ಪ್ರಶ್ನೆಯನ್ನು ನಾನಾಗಲಿ, ನನ್ನ ಗಂಡನಾಗಲಿ ಅತ್ತೆಗೆ ಒಮ್ಮೆಯೂ ಕೇಳಿರಲಿಲ್ಲ.

“ಮಾವಾರ ನೆನಪು ಆಗ್ತೈತೇನು ಅಂತ ಕೇಳ್ತಾರ್ರಿ.”

ಅತ್ತೆ ದಾರ ಕಚ್ಚಿ ಹರಿದರು. “ಇಂಥಾದ್ದೆಲ್ಲ ಕೇಳಬಾರದು ಅಂತ ಹೇಳು.”

ಹೇಳಿದೆ. ನೋರಾ ಹೊಲಿಗೆ ಮುಂದುವರಿಸಿದರು.

ಐದಾರು ಹೊಲಿಗೆ ಆದ ಮೇಲೆ ಅತ್ತೆ, ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ, “ಭಾಳ ಆಗ್ತೈತಿ ಅಂತನೂ ಹೇಳು,” ಎಂದರು.

ಅದನ್ನೂ ಹೇಳಿದೆ. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ.

ನೋರಾ ಮಂಡಿಯ ಮೇಲೆ ಕೈಯೂರಿ ಎದ್ದು, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಅತ್ತೆಯ ಕೈಮೇಲೆ ಬೆಳಕು ಬಿತ್ತೋ ಇಲ್ಲವೋ ಎಂದು ತಿರುಗಿ ನೋಡಿ, ಬಂದು ಮತ್ತೆ ಸೂಜಿ ಹಿಡಿದರು.